ಮಿಣುಕದ ಪುಟ

“ಮೌಸ್ ಮುಟ್ಟಬೇಡ. ಸ್ಕ್ರಿಪ್ಟ್ ಆಫ್ ಮಾಡು. ಈಗ ಆ ಮಾತ್ರೆಯ ಪುಟ ತೆಗಿ.”

ತನಿಖೆಗೆ ಬಂದಿದ್ದ ಭೂತಗನ್ನಡಿ ಹೀಗೆಂದಾಗ ಪುಟ ಕಟ್ಟುವ ಮಿಣುಕನ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಬೆಳಗಿನಿಂದ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಡುತ್ತಿದ್ದವನು ಈಗ ಬಾಟಲಿ ಎತ್ತಿ ನೀರು ಕುಡಿದ, ಮುಚ್ಚಳ ಹಾಕಿದ, ಮತ್ತೆ ತೆಗೆದು ಇನ್ನೊಂದು ಗುಟುಕು ಕುಡಿದ. ಆಮೇಲೆ ಪುಟ ತೆಗೆದ.

ಮಾತ್ರೆಯ ಚಿತ್ರ ಬಂತು. ಬೆಲೆ ಬಂತು. ದಿನಕ್ಕೆ ಎಷ್ಟು ನುಂಗಬೇಕು, ಬಿಸಿಲು ಬೀಳದ ಕಡೆ ಇಡಬೇಕು ಎಂಬುದೆಲ್ಲ ಸಾಲಾಗಿ ಬಂತು. ಅದರ ಕೆಳಗೆ ನೇರವಾಗಿ ‘ಬುಟ್ಟಿಗೆ ಹಾಕಿ’ ಎಂಬ ಹಸಿರು ಪಟ್ಟಿ. ನಡುವೆ ಇರಬೇಕಾಗಿದ್ದ ‘ಎಚ್ಚರಿಕೆಗಳು’ ಎಂಬ ಮಡಿಕೆಯಾಗಲಿ, ಅದನ್ನು ಬಿಚ್ಚುವ ಪ್ಲಸ್ ಗುರುತಾಗಲಿ ಇರಲೇ ಇಲ್ಲ. ಇಲ್ಲವೆಂದು ತಿಳಿಯಲು ಒಂದು ಸಣ್ಣ ಖಾಲಿ ಜಾಗ ಕೂಡ ಉಳಿದಿರಲಿಲ್ಲ.

ಭೂತಗನ್ನಡಿ ಬಗ್ಗಿ, ಪರದೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದಳು.

ಹದಿಮೂರು ದಿನದ ಹಿಂದೆ ಈ ಔಷಧಿ ಅಂಗಡಿಯ ಪುಟದಿಂದ ತರಿಸಿದ ನೋವಿನ ಮಾತ್ರೆ ನುಂಗಿ ‘ಶ್ರುತಿ ಮೇಷ್ಟ್ರು’ ಎಂದು ಎಲ್ಲರೂ ಕರೆಯುವವರ ಹೆಂಡತಿ ಹೊಟ್ಟೆಯಲ್ಲಿ ರಕ್ತ ಸೋರಿ ಆಸ್ಪತ್ರೆ ಸೇರಿದ್ದರು. ಆಕೆ ವರ್ಷಗಳಿಂದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಆ ಎರಡು ಮಾತ್ರೆ ಒಟ್ಟಿಗೆ ಹೊಟ್ಟೆಗೆ ಹೋಗಬಾರದು. ಪುಟದಲ್ಲಿ ಹಾಗೆಂದು ಕೆಂಪಕ್ಷರದಲ್ಲಿ ಬರೆದಿದೆಯೆಂದು ಅಂಗಡಿಯವರು ಹೇಳಿದರು. ಅಂಥ ಮಾತೇ ಅದರಲ್ಲಿರಲಿಲ್ಲವೆಂದು ಮೇಷ್ಟ್ರು ಹೇಳಿದರು. ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣಿಲ್ಲ. ಮನೆಮನೆಗೆ ಹೋಗಿ ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವರ ಕಸುಬು. ಪುಟಗಳನ್ನು ಕಂಪ್ಯೂಟರು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ.

ಯಾರ ಮಾತು ನಿಜವೆಂದು ನೋಡಿ ಬರಲು ಅಂಗಡಿಯ ವಿಮೆಯವರು ಭೂತಗನ್ನಡಿಯನ್ನು ಕಳಿಸಿದ್ದರು. ಹನ್ನೆರಡು ವರ್ಷ ಜಾಲತಾಣ ಕಟ್ಟಿ, ಈಗ ಹತ್ತು ವರ್ಷದಿಂದ ಬೇರೆಯವರು ಕಟ್ಟಿದ್ದರ ಹುಳುಕು ಹುಡುಕುವ ಹೆಂಗಸು. ಆ ಅಡ್ಡಹೆಸರು ಅವಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಹಾಲು ಹಾಕುವವನೂ ಹಾಗೇ ಕೂಗುತ್ತಿದ್ದ. ಅವಳು ಮೇಷ್ಟ್ರ ಮನೆಯಲ್ಲೊಂದು ಟೀ ಕುಡಿದು ಅಂಗಡಿಗೆ ಬಂದಳು, ಮೌಸ್ ಹಿಡಿದಳು, ಪ್ಲಸ್ ಒತ್ತಿದಳು, ಕೆಂಪಕ್ಷರ ನೋಡಿದಳು. ‘ಎಚ್ಚರಿಕೆ ಪುಟದಲ್ಲಿ ಇದೆ. ಗಂಡ ಗಮನವಿಟ್ಟು ಕೇಳಿಸಿಕೊಂಡಂತಿಲ್ಲ’ ಎಂದು ವರದಿ ಬರೆದುಕೊಟ್ಟು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿಬಿಟ್ಟಳು. ಇಷ್ಟು ದೊಡ್ಡ ಹೆಸರಿನವಳು ಮಾಡಿದ ಕೆಲಸ ಇಷ್ಟೇ.

ನಿನ್ನೆ ಬಸ್ಸಿನಲ್ಲಿ ಸುಮ್ಮನೆ ಕೂತಿದ್ದವಳು ಫೋನಿನಲ್ಲಿ ಅದೇ ಪುಟ ತೆಗೆದಿದ್ದಳು. ನೆಟ್‌ವರ್ಕ್ ಸರಿಯಿರಲಿಲ್ಲ, ಪುಟ ಅರ್ಧಂಬರ್ಧ ಇಳಿಯಿತು. ಎಚ್ಚರಿಕೆಯ ಮಡಿಕೆ ಬರಲಿಲ್ಲ. ಬಸ್ಸು ಮೂರು ನಿಲ್ದಾಣ ದಾಟುವವರೆಗೂ ಅವಳು ಅದನ್ನೇ ನೋಡುತ್ತ ಕೂತಿದ್ದಳು. ಇಳಿಯಬೇಕಾದ ನಿಲ್ದಾಣ ಅದರಲ್ಲಿ ಮೊದಲನೆಯದು.

“ಯಾವತ್ತಿಂದ ಹೀಗಿದೆ?” ಎಂದು ಈಗ ಮಿಣುಕನನ್ನು ಕೇಳಿದಳು.

ಮಿಣುಕ ಕುರ್ಚಿಯಲ್ಲಿ ಮುದುಡಿ ಕೂತ. ನಲವತ್ತು ದಾಟಿದ, ಎರಡು ಮಕ್ಕಳ ತಂದೆ. ಅಂಗಡಿಯ ಪುಟಗಳನ್ನೆಲ್ಲ ಕಟ್ಟುವವನು ಅವನೊಬ್ಬನೇ. ಕೆಳಗಿನ ಗೋದಾಮಿನಲ್ಲಿ ರಟ್ಟಿನ ಡಬ್ಬಿಗಳಿಗೆ ಟೇಪು ಎಳೆಯುವ ಕರ್‌ಕರ್ ಸದ್ದು ಮರದ ನೆಲ ದಾಟಿ ಮೇಲೆ ಬರುತ್ತಿತ್ತು.

ಅವನು ಹೇಳಿದ ಕತೆ ಹೀಗಿತ್ತು. ಮೊದಲು ಆ ಎಚ್ಚರಿಕೆ ಎಲ್ಲರಿಗೂ ತೆರೆದೇ ಬರುತ್ತಿತ್ತು. ಪುಟ ಪೂರ್ತಿ ಇಳಿದ ಮೇಲೆ ಕೊನೆಯಲ್ಲಿ, ಪುಟಕ್ಕೆ ಚಲನೆ ಕೊಡುವ ಸ್ಕ್ರಿಪ್ಟ್ ಎಂಬ ಪ್ರೋಗ್ರಾಮು ಬಂದು ಅದನ್ನು ಮಡಚಿ, ಮೇಲೊಂದು ಪ್ಲಸ್ ಅಂಟಿಸುತ್ತಿತ್ತು. ಸ್ಕ್ರಿಪ್ಟ್ ಬರುವುದು ಕಣ್ಣೆವೆಯಷ್ಟು ತಡವಾದರೂ ಕೆಂಪಕ್ಷರ ಒಮ್ಮೆ ಮಿಣಕ್ಕೆಂದು ಕಾಣಿಸಿ ಮಾಯವಾಗುತ್ತಿತ್ತು. ಮ್ಯಾನೇಜರು ಅದನ್ನು ಹತ್ತು ಜನರ ಮೀಟಿಂಗಿನಲ್ಲಿ ದೊಡ್ಡ ಪರದೆಯ ಮೇಲೆ ಹಾಕಿ, ಏಳೆಂಟು ಸಲ ಮಿಣುಕಿಸಿ, ಇದ್ಯಾರ ಕೈಚಳಕ ಎಂದು ಕೇಳಿದರು. ಎಲ್ಲರೂ ನಕ್ಕರು. ಅವತ್ತಿನಿಂದ ಇವನ ಹೆಸರು ಮಿಣುಕ. ಹೆಂಡತಿ ಫೋನ್ ಮಾಡಿದರೂ ಆಚೆ ಟೇಬಲ್ಲಿನವರು ಮಿಣುಕಾ, ನಿಂಗೇ ಫೋನು ಎನ್ನುತ್ತಿದ್ದರು.

“ನಾಚಿಕೆ ಆಯ್ತು ಅಕ್ಕಾ. ಹೇಗಾದ್ರೂ ಆ ಮಿಣುಕು ಹೋದ್ರೆ ಸಾಕು ಅನ್ಸಿತ್ತು. ಮಡಚೋ ಕೆಲಸನ ಸ್ಕ್ರಿಪ್ಟಿಂದ ತೆಗೆದು, ಪುಟದ ರೂಪ ಹೇಳೋ ಸ್ಟೈಲ್ ಫೈಲಿಗೆ ಹಾಕಿಬಿಟ್ಟೆ. ಪುಟ ಹುಟ್ಟುವಾಗಲೇ ಮಡಚಿಕೊಂಡು ಹುಟ್ಟುತ್ತೆ. ಬಿಚ್ಚೋದು ಮಾತ್ರ ಸ್ಕ್ರಿಪ್ಟು. ಮಿಣುಕು ಒಂದೇ ಏಟಿಗೆ ನಿಂತೋಯ್ತು.”

“ಸ್ಕ್ರಿಪ್ಟ್ ಬರದೇ ಹೋದ್ರೆ ಬಿಚ್ಚೋರು ಯಾರು?”

ಮಿಣುಕ ಪರದೆಯಲ್ಲಿ ಪ್ಲಸ್ ಇರಬೇಕಾಗಿದ್ದ ಜಾಗದ ಮೇಲೆ ಬೆರಳಿಟ್ಟ. ಮೇಷ್ಟ್ರು ಸ್ಕ್ರಿಪ್ಟ್ ಆಫ್ ಮಾಡಿಟ್ಟುಕೊಳ್ಳುವವರೆಂದು ಭೂತಗನ್ನಡಿಗೆ ಗೊತ್ತಿತ್ತು. ಮೊದಲ ಭೇಟಿಯಲ್ಲೇ ಅವರು ಹೇಳಿದ್ದರು. ಪುಟ ಓದುತ್ತಿರುವಾಗ ಜಾಹೀರಾತುಗಳು ನಡುವೆ ಬಾಯಿ ಹಾಕುತ್ತವೆ, ಓದು ಎಲ್ಲಿಗೆ ಬಂದಿತ್ತೆಂದು ತಪ್ಪಿಹೋಗುತ್ತದೆ, ಅದಕ್ಕೇ ಆ ಹಾಳು ಸ್ಕ್ರಿಪ್ಟನ್ನೇ ಮುಚ್ಚಿದ್ದೇನೆ ಎಂದಿದ್ದರು. ಅವಳು ತಲೆಯಾಡಿಸಿದ್ದಳು. ತಲೆಯಾಡಿಸಿದ್ದು ಮೇಷ್ಟ್ರಿಗೆ ಕಾಣುವುದಿಲ್ಲವೆಂಬುದೂ ಅವಳಿಗೆ ಹೊಳೆದಿರಲಿಲ್ಲ.

ಇದಕ್ಕೆ ಮದ್ದು ಒಂದೇ ಒಂದು ಸಾಲಿನದು. ಪುಟದ ನೆತ್ತಿಯಲ್ಲೇ, ಏನೊಂದೂ ಮೂಡುವ ಮೊದಲೇ, ಒಂದು ಪುಟ್ಟ ಸ್ಕ್ರಿಪ್ಟ್ ಓಡಿ ‘ನಾನಿದ್ದೇನೆ’ ಎಂದು ಗುರುತು ಕಟ್ಟಬೇಕು. ಆ ಗುರುತು ಇದ್ದರೆ ಮಾತ್ರ ಮಡಚು ಎಂದು ಸ್ಟೈಲ್ ಫೈಲಿಗೆ ಹೇಳಬೇಕು. ಆಗ ಮಿಣುಕುವುದಿಲ್ಲ. ಸ್ಕ್ರಿಪ್ಟ್ ಇಲ್ಲದವರಿಗೆ ಗುರುತೂ ಇಲ್ಲ, ಹಾಗಾಗಿ ಎಚ್ಚರಿಕೆ ತೆರೆದೇ ಇರುತ್ತದೆ. ಭೂತಗನ್ನಡಿ ಇದನ್ನು ಹೇಳಿಕೊಟ್ಟಳು. ಹೇಳಿಕೊಡುವಾಗ ಸ್ವಲ್ಪ ಗದರಿದಳು ಕೂಡ. ಇಷ್ಟೂ ಗೊತ್ತಿಲ್ಲದೆ ಔಷಧಿ ಪುಟಕ್ಕೆ ಕೈ ಹಾಕಿದೆಯಾ, ಈ ಎಡವಟ್ಟು ವಿದ್ಯೆಯನ್ನು ಯಾರ ಹತ್ತಿರ ಕಲಿತೆ ಎಂದಳು.

ಮಿಣುಕ ಪರದೆಯ ಕಡೆ ತಿರುಗಿದ. ಸ್ಟೈಲ್ ಫೈಲು ತೆಗೆದು, ಆ ಸಾಲಿನ ಮೇಲೆ ತಾನು ಬರೆದಿಟ್ಟುಕೊಂಡಿದ್ದ ಟಿಪ್ಪಣಿ ತೋರಿಸಿದ. ‘ಮಿಣುಕದಂತೆ ಮಡಚುವ ಉಪಾಯ. ಭೂತಗನ್ನಡಿ ಅಕ್ಕನ ಪಾಠದಿಂದ. ಅಕ್ಕನಿಗೆ ವಂದನೆ.’

ಒಂಬತ್ತು ವರ್ಷದ ಹಿಂದೆ ಅವಳು ಅಂಥದೊಂದು ಪಾಠ ಬರೆದು ಜಾಲದಲ್ಲಿ ಹಾಕಿದ್ದಳು. ಹೊಸ ಕೆಲಸ ಹಿಡಿದ ಹುಮ್ಮಸ್ಸಿನಲ್ಲಿ, ಎಲ್ಲರಿಗೂ ಬುದ್ಧಿ ಹೇಳುವ ಹುರುಪಿನಲ್ಲಿ ಬರೆದದ್ದು. ಅದನ್ನು ಓದಿದ ಯಾರೋ ಅಪರಿಚಿತರು, ಸ್ಕ್ರಿಪ್ಟ್ ಇಲ್ಲದವರಿಗೆ ಇದು ಬಾಗಿಲೇ ಇಲ್ಲದ ಕೋಣೆಯಾಗುತ್ತದಲ್ಲ ಎಂದು ಕೇಳಿದ್ದರು. ಈ ಕಾಲದಲ್ಲೂ ಸ್ಕ್ರಿಪ್ಟ್ ಮುಚ್ಚಿಟ್ಟುಕೊಂಡವರಿದ್ದರೆ ಅವರನ್ನು ವಸ್ತು ಸಂಗ್ರಹಾಲಯದಲ್ಲಿ ಇಡಬೇಕು ಎಂದು ಅವಳು ಉತ್ತರ ಬರೆದಿದ್ದಳು. ನೂರಾರು ಜನ ಅದನ್ನು ಮೆಚ್ಚಿದ್ದರು. ಆಮೇಲೆ ಸರಿಯಾದ ದಾರಿ ಕಲಿತಳು. ಹಳೆಯ ಪಾಠ ತಿದ್ದಲು ಮಾತ್ರ ಹೋಗಲಿಲ್ಲ.

ಆ ಉತ್ತರದ ಒಂದೊಂದು ಅಕ್ಷರವೂ ಈಗ ನೆನಪಾಯಿತು. ನೆಲ ಬಿರಿದು ತನ್ನನ್ನು ಕೆಳಗಿನ ಗೋದಾಮಿಗಾದರೂ ಬೀಳಿಸಬಾರದೆ ಅನ್ನಿಸಿತು ಅವಳಿಗೆ.

“ಅಕ್ಕಾ, ಈ ಟಿಪ್ಪಣಿ ಅಳಿಸಿಬಿಡ್ತೀನಿ,” ಎಂದ ಮಿಣುಕ ಮೆಲ್ಲಗೆ. “ನನ್ನ ತಪ್ಪು ಅಂತಲೇ ಇರ್ಲಿ. ಹೇಗೂ ನನ್ನ ಕೆಲಸ ಹೋಯ್ತು. ಇಬ್ರದ್ದೂ ಯಾಕೆ?”

ಭೂತಗನ್ನಡಿ ತಕ್ಷಣ ಬೇಡವೆನ್ನಲಿಲ್ಲ. ಅವಳು ಹಾಗೆ ತಡೆದದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಆ ಟಿಪ್ಪಣಿಯನ್ನು ನೋಡುತ್ತ ಕೂತಳು, ಅವನು ಅಳಿಸಲಿ ಎಂದು ಕಾಯುವವಳ ಹಾಗೆ. ಆಮೇಲೆ ಅವನ ಕೈಯಿಂದ ಮೌಸ್ ಕಿತ್ತುಕೊಂಡು ಟಿಪ್ಪಣಿಯ ಸಮೇತ ಪುಟದ ಒಂದು ಪ್ರತಿ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಮಿಣುಕನ ಎದುರೇ ಕೂತು ಎಲ್ಲ ಮಾತ್ರೆಗಳ ಪುಟವನ್ನೂ ಸರಿಮಾಡಿಸಿದಳು. ಅಲ್ಲೇ ಹೊಸ ವರದಿ ಬರೆದು, ಅಂಗಡಿಯ ಪ್ರಿಂಟರಿನಲ್ಲೇ ಮುದ್ರಿಸಿ, ತಪ್ಪಿನ ಮೂಲ ಎಂಬ ಕಡೆ ತನ್ನ ಹೆಸರು ಹಾಕಿದಳು. ಈ ವರದಿ ವಿಮೆಯವರ ಕೈ ಸೇರಿದ ದಿನ ಅವಳನ್ನು ಇನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಗಂಟೆ ಒಂದೂವರೆ. ಮೂರು ಗಂಟೆಗೆ ಮೇಷ್ಟ್ರ ಹೆಂಡತಿಯನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ಆಕೆಯ ಅಣ್ಣ ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋಗುವವರಿದ್ದರು. ಕುರುಡನ ಕೈಗೆ ತಂಗಿಯ ಔಷಧಿ ಕೊಟ್ಟದ್ದೇ ತಪ್ಪು, ಇನ್ನು ಈ ಜನ್ಮದಲ್ಲಿ ಆ ಮನೆಗೆ ಕಳಿಸುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು. ಅದಕ್ಕೊಂದು ಒಪ್ಪಿಗೆ ಪತ್ರ ಬರೆಸಿ, ಆಕೆಯ ಪರವಾಗಿ ಮೇಷ್ಟ್ರ ಮಗಳ ಸಹಿಗಾಗಿ ಕಾಯುತ್ತಿದ್ದರು. ಆ ಪತ್ರದ ಹಿಂದೆ ಪಿನ್ನು ಹಾಕಿದ್ದ ಆಧಾರ ಒಂದೇ, ಭೂತಗನ್ನಡಿಯ ಮೊದಲ ವರದಿ. ಮೂವತ್ತನಾಲ್ಕು ವರ್ಷ ಜೊತೆಗಿದ್ದ ಹೆಂಡತಿ ಇವತ್ತು ಮನೆಗೆ ಬರುವುದೋ ಬೇಡವೋ ಎಂಬುದು ಅವಳು ಊಟದ ಅವಸರದಲ್ಲಿ ಬರೆದ ಎರಡು ಸಾಲಿನ ಮೇಲೆ ನಿಂತಿತ್ತು.

ಆಟೋದಲ್ಲಿ ಕೂತು ಅವಳು ಹಳೆಯ ನೋಟುಪುಸ್ತಕ ತೆಗೆದಳು. ಮೇಷ್ಟ್ರು ಮೊದಲ ದಿನ ಹೇಳಿದ್ದರಲ್ಲಿ ತಾನು ಇನ್ನೂ ಏನೇನು ನುಂಗಿ ನೀರು ಕುಡಿದಿದ್ದೇನೋ ನೋಡೋಣವೆಂದು ಹಾಳೆ ತಿರುವಿದಳು. ಅಂಚಿನಲ್ಲಿ, ಅಡ್ಡಡ್ಡಲಾಗಿ, ತನ್ನದೇ ಕೈಬರಹದಲ್ಲಿ ಒಂದು ಸಾಲಿತ್ತು. ‘ಬೇರೆ ಮಾತ್ರೆ ಜೊತೆಗೂ ನಿಶ್ಚಿಂತೆಯಾಗಿ ತಗೊಳ್ಳಿ ಅಂತ ಪುಟವೇ ಓದಿತು ಅಂತಾರೆ.’ ಅದರ ಮುಂದೆ ಆವರಣದಲ್ಲಿ ‘ಅಸಂಬದ್ಧ’ ಎಂದು ಬರೆದು ಗೀಟು ಹಾಕಿದ್ದಳು.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಎಚ್ಚರಿಕೆ ಕೇಳಿಸದೆ ಹೋದದ್ದು ಒಂದು. ತಗೊಳ್ಳಿ ಎಂದು ಕೇಳಿಸಿದ್ದು ಬೇರೆಯೇ. ಮಿಣುಕನ ಫೈಲಿನಲ್ಲಿ ಅಂಥ ಮಾತು ಎಲ್ಲೂ ಇರಲಿಲ್ಲ.

ಮೇಷ್ಟ್ರ ಮನೆ ಎರಡನೆಯ ಮಹಡಿಯಲ್ಲಿ. ಬಾಗಿಲು ತೆರೆದವಳು ಮಗಳು. ಮೂವತ್ತರ ಆಸುಪಾಸು, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆಯುವ ಕೆಲಸ ಮಾಡುವವಳು. ಅಮ್ಮನ ಸೀರೆಗಳನ್ನು ಒಂದು ಸೂಟ್‌ಕೇಸಿಗೆ ಜೋಡಿಸುತ್ತಿದ್ದಳೆಂದು ಹಿಂದಿನ ಮಂಚ ನೋಡಿದರೇ ತಿಳಿಯುತ್ತಿತ್ತು. ಮೇಷ್ಟ್ರು ಊಟದ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ತಂತಿ ಬಿಗಿಯುವ ಶ್ರುತಿಯ ಕೀಲಿ, ತಟ್ಟಿದರೆ ನಾದ ಹೊರಡಿಸುವ ಕವಲು ಕಡ್ಡಿ, ತಂತಿಯ ದನಿ ಅಡಗಿಸುವ ಉಣ್ಣೆಯ ಪಟ್ಟಿ ಎಲ್ಲ ಚೀಲದಿಂದ ಹೊರಗೆ ಬಿದ್ದಿದ್ದವು. ಎರಡು ವಾರದಿಂದ ಅವರು ಕೆಲಸಕ್ಕೆ ಹೋಗಿಲ್ಲವೆಂದು ಮಗಳು ಹೇಳಿದಳು. ಹಳೆಯ ಗಿರಾಕಿಗಳು ಫೋನ್ ಮಾಡಿದರೆ, ನನ್ನ ಕಿವಿ ಈಗ ಸರಿಯಿಲ್ಲ, ಬೇರೆಯವರನ್ನು ಕರೆಸಿಕೊಳ್ಳಿ ಎನ್ನುತ್ತಿದ್ದರಂತೆ.

ಅದು ಯಾರಿಂದ ಹೀಗಾಯಿತೆಂದು ಭೂತಗನ್ನಡಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟು ದೊಡ್ಡ ಹೆಸರು ಮಾಡಿದವರು ಬಂದು ನಿನಗೆ ಸರಿಯಾಗಿ ಕೇಳಿಸಿಲ್ಲ ಎಂದು ಬರೆದುಕೊಟ್ಟರೆ, ಕಿವಿಯನ್ನೇ ನಂಬಿ ಬದುಕಿದವರು ಮತ್ತೇನು ಮಾಡಿಯಾರು.

“ಮೇಷ್ಟ್ರೇ, ನಿಮ್ಮ ಕಿವಿ ಸರಿಯಾಗೇ ಇದೆ,” ಎಂದಳು ಕೂರುವ ಮೊದಲೇ. “ಸರಿಯಿಲ್ದೇ ಇದ್ದಿದ್ದು ನನ್ನ ಕಣ್ಣು.”

ಅವಳು ತಂದಿದ್ದ ಹಳೆಯ ಪ್ರತಿಯನ್ನು ಮೇಷ್ಟ್ರ ಕಂಪ್ಯೂಟರಿಗೇ ಹಾಕಿ ಓದಿಸಿದಳು. ಯಂತ್ರದ ದನಿ ಬೆಲೆ ಹೇಳಿತು, ದಿನಕ್ಕೆಷ್ಟು ಎಂದು ಹೇಳಿತು, ಬಿಸಿಲು ಬೀಳದ ಕಡೆ ಇಡಿ ಎಂದಿತು, ಬುಟ್ಟಿಗೆ ಹಾಕಿ ಎಂದಿತು. ಅಷ್ಟೇ. ಅದೇ ಪ್ರತಿಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಮೌಸ್ ಒತ್ತಿ ಮಗಳಿಗೆ ತೋರಿಸಿದಳು. ಕೆಂಪಕ್ಷರ ಬಂತು. ಮಡಿಕೆಯ ಕತೆ, ಮಿಣುಕನ ಕತೆ, ಒಂಬತ್ತು ವರ್ಷದ ಹಿಂದಿನ ತನ್ನ ಪಾಠದ ಕತೆ, ವಸ್ತು ಸಂಗ್ರಹಾಲಯದ ತಮಾಷೆ, ಏನನ್ನೂ ಬಿಡದೆ ಹೇಳಿದಳು.

ಮಗಳು ಗೋಡೆಗೆ ಒರಗಿ ನಿಂತು ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಮೊದಲ್ನೇ ಸಲ ಬಂದಾಗ ಅಪ್ಪನ ಕಂಪ್ಯೂಟರಲ್ಲಿ ಒಂದ್ಸಲ ಓದಿಸಿ ನೋಡಿದ್ರಾ?”

“ಇಲ್ಲ.”

“ಅದು ಈ ಮೇಜಿನ ಮೇಲೇ ಇತ್ತು.”

“ಇತ್ತು. ಟೀ ಲೋಟ ಇಡೋಕೆ ಜಾಗ ಸಾಲ್ದು ಅಂತ ನಾನೇ ಆಚೆ ಸರಿಸಿದ್ದೆ.”

ಭೂತಗನ್ನಡಿ ಹೊಸ ವರದಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಇದನ್ನು ಒಪ್ಪಿಗೆ ಪತ್ರದ ಜೊತೆ ನಿಮ್ಮ ಮಾವನ ಮುಂದೆ ಹಿಡಿಯಿರಿ, ಆಮೇಲೆ ಅಮ್ಮನನ್ನು ಬೇರೆ ಮನೆಗೆ ಒಯ್ಯುವ ಮಾತು ಬರುವುದಿಲ್ಲ ಎಂದಳು. ಮೇಷ್ಟ್ರ ಮುಖ ಸಡಿಲವಾಯಿತು. ಅವರು ಕವಲು ಕಡ್ಡಿಯನ್ನು ಹುಡುಕಿ ಕೈಗೆ ತೆಗೆದುಕೊಂಡು, ಮೇಜಿನ ಅಂಚಿಗೆ ಹಗುರಾಗಿ ತಟ್ಟಿ ಕಿವಿಯ ಹತ್ತಿರ ಹಿಡಿದರು. ಎರಡು ವಾರದಲ್ಲಿ ಮೊದಲ ಸಲ ಇರಬೇಕು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಒಮ್ಮೆ ಅರ್ಧ ಕೇಳಿ ಎದ್ದುಹೋಗಿದ್ದವಳಿಗೆ ಇನ್ನೊಮ್ಮೆ ಅರ್ಧಕ್ಕೆ ಏಳಲು ಮನಸ್ಸು ಬರಲಿಲ್ಲ.

“ಮೇಷ್ಟ್ರೇ, ಇನ್ನೊಂದು ಮಾತು. ಆವತ್ತು ನೀವು ಹೇಳಿದ್ರಿ. ಬೇರೆ ಮಾತ್ರೆ ಜೊತೆಗೂ ನಿಶ್ಚಿಂತೆಯಾಗಿ ತಗೊಳ್ಳಿ ಅಂತ ಪುಟವೇ ಓದಿತು ಅಂತ. ಈ ಪ್ರತೀಲಿ ಅದಿಲ್ಲ. ಎಲ್ಲಿ ಬಂತು ಆ ಸಾಲು? ಮೊದಲೋ, ಕೊನೆಗೋ?”

ಕವಲು ಕಡ್ಡಿಯ ನಾದ ಇನ್ನೂ ಸಣ್ಣಗೆ ಇತ್ತು. ಮೇಷ್ಟ್ರು ಅದನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರು.

“ನಾನು ಹಾಗೆ ಹೇಳ್ಲಿಲ್ಲ,” ಎಂದರು.

“ಹೇಳಿದ್ರಿ. ನಾನು ಬರ್ಕೊಂಡಿದ್ದೀನಿ.”

“ನೀವು ತಪ್ಪು ಬರ್ಕೊಂಡಿರ್ತೀರ.”

ಅವರು ಅಷ್ಟು ಬೇಗ ಉತ್ತರ ಕೊಟ್ಟದ್ದು, ಮುಖವನ್ನು ಮಗಳು ನಿಂತ ಕಡೆಯಿಂದ ಬೇಕೆಂದೇ ತಿರುಗಿಸಿದ್ದು, ಎರಡೂ ಭೂತಗನ್ನಡಿಯ ಕಣ್ಣಿಗೆ ಬಿದ್ದವು. ಎರಡು ವಾರದಿಂದ ಊರೆಲ್ಲ ಸುಳ್ಳುಗಾರನೆಂದರೂ ಒಂದೇ ಮಾತು ಹಿಡಿದು ಕೂತಿದ್ದ ಮನುಷ್ಯ ಈಗ, ಅವರನ್ನು ನಂಬಲೆಂದೇ ಬಂದವಳ ಮುಂದೆ, ಮೊದಲ ಸಲ ಸುಳ್ಳು ಹೇಳುತ್ತಿದ್ದರು. ಅದೂ ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಹಾಗೆ.

ಅವಳು ಮಗಳ ಕಡೆ ನೋಡಿದಳು. ಆ ಹುಡುಗಿಯ ಕೈಯಲ್ಲಿ ಅಮ್ಮನದೊಂದು ರವಿಕೆ ಇತ್ತು. ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು.

ಮೊದಲ ಭೇಟಿಯ ಇನ್ನೊಂದು ಚೂರು ಆಗ ಭೂತಗನ್ನಡಿಗೆ ನೆನಪಾಯಿತು. ಮೇಷ್ಟ್ರು ಆ ಸಾಲು ಹೇಳಿದ ಕೂಡಲೇ ಮಗಳು ಟೀ ತಂದಿಟ್ಟು, ಅಪ್ಪನಿಗೆ ಈಚೆಗೆ ಮರೆವು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದ್ದಳು. ‘ಅಸಂಬದ್ಧ’ ಎಂದು ಬರೆದದ್ದು ಆಮೇಲೆ.

“ನೀವು ಏನು ಬರೆಯೋ ಕೆಲಸ ಮಾಡ್ತೀರಮ್ಮಾ?” ಎಂದು ಕೇಳಿದಳು.

“ಅವಳನ್ನ ಯಾಕೆ ಕೇಳ್ತೀರಿ?” ಎಂದರು ಮೇಷ್ಟ್ರು. ಅವರ ದನಿ ಎಂದೂ ಇಲ್ಲದಷ್ಟು ಗಡುಸಾಗಿತ್ತು. “ಕೆಲಸ ಮುಗೀತಲ್ಲ. ಹೊರಡಿ.”

“ಚಿತ್ರ ಹೇಳೋ ಕೆಲಸ,” ಎಂದಳು ಮಗಳು.

ಆಮೇಲೆ ಅವಳು ನಿಂತಲ್ಲಿಂದ ಕದಲದೆ, ನೆಲ ನೋಡುತ್ತ, ಎಲ್ಲ ಹೇಳಿದಳು. ಪುಟದಲ್ಲಿ ಚಿತ್ರವಿದ್ದರೆ ಕಣ್ಣಿಲ್ಲದವರಿಗೆ ಅದೇನೆಂದು ಗೊತ್ತಾಗಲು ಅದರ ಹಿಂದೊಂದು ಸಾಲು ಬರೆದಿಡುತ್ತಾರೆ. ಅದು ನೋಡುವವರಿಗೆ ಕಾಣುವುದಿಲ್ಲ, ಯಂತ್ರ ಮಾತ್ರ ಓದುತ್ತದೆ. ಅಂಥ ಸಾಲು ಬರೆಯುವ ಕೆಲಸ ಅವಳದು. ಅಪ್ಪನಂಥವರಿಗಾಗಿಯೇ ಆ ಕೆಲಸ ಹಿಡಿದಿದ್ದಳು. ಗುತ್ತಿಗೆದಾರರೊಬ್ಬರು ಕಟ್ಟುಕಟ್ಟಾಗಿ ಚಿತ್ರ ಕಳಿಸುತ್ತಿದ್ದರು, ದಿನಕ್ಕೆ ಇನ್ನೂರು. ಚಿತ್ರದ ಸಾಲುಗಳು ಬೇರೆಯೇ ಕಡತದಲ್ಲಿರುವುದರಿಂದ ಮಿಣುಕನ ಕಣ್ಣಿಗೆ ಬೀಳುವಂಥವಲ್ಲ. ಬೇಗ ಮುಗಿಯಲೆಂದು ಒಂದು ಮಾತ್ರೆಯ ಸಾಲನ್ನು ಇನ್ನೊಂದಕ್ಕೆ ಅಂಟಿಸಿ, ಹೆಸರು ಬಣ್ಣ ಬದಲಾಯಿಸುವುದು ಅವಳ ರೂಢಿ. ಜ್ವರದ ಮಾತ್ರೆಯೊಂದರ ಡಬ್ಬಿಯ ಮೇಲೆ ಅಚ್ಚಾಗಿದ್ದ ಮಾತನ್ನು ತನ್ನದೇ ನುಡಿಯಲ್ಲಿ, ಬೇರೆ ಮಾತ್ರೆ ಜೊತೆಗೂ ನಿಶ್ಚಿಂತೆಯಾಗಿ ತಗೊಳ್ಳಿ ಎಂದು, ಸಾಲಿನ ಕೊನೆಗೆ ಸೇರಿಸಿದ್ದಳು. ಅದನ್ನೇ ಈ ನೋವಿನ ಮಾತ್ರೆಗೂ ಅಂಟಿಸಿದಾಗ ಹೆಸರು ಬದಲಾಯಿಸಿದಳು, ಬಣ್ಣ ಬದಲಾಯಿಸಿದಳು. ಕೊನೆಯ ಮಾತು ಹಾಗೇ ಉಳಿಯಿತು.

“ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ ಮಾರನೇ ದಿನ ಬೆಳಗ್ಗೆ ಹುಡುಕಿ ನೋಡ್ದೆ. ನಂದೇ ಸಾಲು. ಅಳಿಸಿಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ಅಪ್ಪಂಗೆ ಕೇಳ್ಸಿಲ್ಲ ಅಂತ ನೀವು ಬರೆದಾಗ ನನ್ನ ಜೀವ ಉಳೀತು ಅನ್ನಿಸ್ತು ಮೇಡಂ. ಸಾಲು ಅಳಿಸಿದಾಗಿಂದ ಅಪ್ಪನ ಜೊತೆ ಮಾತಾಡೋಕೇ ಆಗ್ಲಿಲ್ಲ. ಕೋಪ ಅಂದ್ಕೊಂಡ್ರು ಎಲ್ರೂ.”

ಅಪ್ಪನ ಮೇಲೆ ಮುನಿದುಕೊಂಡ ಮಗಳೆಂದು ಭೂತಗನ್ನಡಿಯೂ ವಿಮೆಯವರಿಗೆ ಹೇಳಿದ್ದಳು. ಈಗ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಾಗದೆ ಮೇಜಿನ ಮೇಲಿನ ಆ ಕಾಗದವನ್ನು ನೋಡುತ್ತ ನಿಂತರು.

“ನಿಮಗೆ ಗೊತ್ತಿತ್ತಾ ಮೇಷ್ಟ್ರೇ?”

ಮೇಷ್ಟ್ರು ಕವಲು ಕಡ್ಡಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಮಾತಾಡಿದ್ದು ಮಗಳ ಜೊತೆ, ಎರಡು ವಾರದ ನಂತರ.

“ಆವತ್ತು ಇವರ ಮುಂದೆ ಆ ಸಾಲು ಹೇಳ್ದಾಗ ನಿನ್ನ ಕೈಯಲ್ಲಿ ಲೋಟ ನಡುಗ್ತು. ನಂಗೆ ಕೇಳಿಸ್ತು. ಆಮೇಲೆ ಯೋಚನೆ ಮಾಡ್ದೆ. ನಿಶ್ಚಿಂತೆಯಾಗಿ ಅನ್ನೋ ಮಾತು ಈ ಕಾಲದಲ್ಲಿ ಯಾರು ಆಡ್ತಾರೆ, ನಿನ್ನ ಬಿಟ್ಟು? ಚಿಕ್ಕಂದಿನಿಂದ ನನ್ನ ಕೈ ಹಿಡ್ಕೊಂಡು ರಸ್ತೆ ದಾಟಿಸುವಾಗ ನೀನು ಅದನ್ನೇ ಹೇಳ್ತಿದ್ದೆ. ಪುಟದಲ್ಲಿ ಅದನ್ನ ಕೇಳಿದಾಗ ಎಷ್ಟು ಹಿತವಾಗಿತ್ತು ಅಂದ್ರೆ, ನಾನು ಇನ್ನೊಬ್ರನ್ನ ಕೇಳೋದು ಬೇಡ ಅಂದ್ಕೊಂಡೆ.”

ಮಗಳು ರವಿಕೆಯಲ್ಲಿ ಮುಖ ಮುಚ್ಚಿಕೊಂಡಳು. ಕೆಳಗೆ ಕಾರೊಂದು ಬಂದು ನಿಂತ ಸದ್ದಾಯಿತು. ಬಾಗಿಲು ಹಾಕಿದ ರಭಸಕ್ಕೇ ಬಂದವರು ಯಾರೆಂದು ಮೇಷ್ಟ್ರಿಗೆ ತಿಳಿಯಿತು.

“ಮೇಡಂ, ನಿಮ್ಮ ಮೊದಲ್ನೇ ವರದಿ ಹಾಗೇ ಇರ್ಲಿ,” ಎಂದರು ಅವಸರವಾಗಿ, ದನಿ ತಗ್ಗಿಸಿ. “ಈ ಹೊಸದು ಹೋದ್ರೆ ಇನ್ನೊಬ್ರು ಬಂದು ಕೆದಕ್ತಾರೆ. ಅಂಗಡಿಯವರು ಸುಮ್ನೆ ಇರಲ್ಲ. ಚಿತ್ರದ ಸಾಲಿನವರೆಗೂ ಬಂದೇ ಬರ್ತಾರೆ. ತಾಯಿಗೇ ಹೀಗೆ ಮಾಡಿದ್ಲು ಅನ್ನೋ ಮಾತು ಹೊತ್ಕೊಂಡು ಇವಳು ಹೇಗೆ ಬದುಕ್ತಾಳೆ? ನಂಗಾದ್ರೆ ವಯಸ್ಸಾಗಿದೆ. ಕೇಳಿಸ್ಲಿಲ್ಲ ಅಂದ್ರೆ ಯಾರೂ ಆಶ್ಚರ್ಯ ಪಡಲ್ಲ.”

“ನಿಮ್ಮ ಹೆಂಡತಿ?”

“ಅವಳು ಅಣ್ಣನ ಮನೇಲಿ ಚೆನ್ನಾಗಿರ್ತಾಳೆ,” ಎಂದರು. ಹೇಳಿ, ಶ್ರುತಿಯ ಕೀಲಿಯನ್ನು ಚೀಲಕ್ಕೆ ತುರುಕಿದರು.

ಬೇಡ ಅಪ್ಪಾ ಎಂದಳು ಮಗಳು. ಅದು ಅವಳ ಬಾಯಿಂದ ಸರಿಯಾಗಿ ಹೊರಗೆ ಬರಲಿಲ್ಲ. ಮೆಟ್ಟಿಲ ಮೇಲೆ ಬೂಟುಗಳು ಹತ್ತಿ ಬರುತ್ತಿದ್ದವು. ಮೇಷ್ಟ್ರ ಕೈ ಮೇಜಿನ ಮೇಲೆ ತಡವುತ್ತ ಹೋಗಿ ಹೊಸ ವರದಿಯನ್ನು ಮುಟ್ಟಿ, ಅದನ್ನು ಉಣ್ಣೆಯ ಪಟ್ಟಿಯ ಕೆಳಗೆ ಎಳೆದುಕೊಂಡಿತು. ಭೂತಗನ್ನಡಿ ಆ ಕೈಯನ್ನು ನೋಡಿದಳು, ತಡೆಯಲಿಲ್ಲ. ಆ ಕಾಗದ ಹೊರಗೆ ಹೋಗದಿದ್ದರೆ ತನ್ನ ಹೆಸರೂ ಉಳಿಯುತ್ತದೆಂಬುದು ಅವಳಿಗೆ ಹೊಳೆಯಿತು. ಅದು ಹೊಳೆದದ್ದಕ್ಕೇ ಇವತ್ತಿನ ದಿನದ ಎಲ್ಲ ನಾಚಿಕೆಗಿಂತ ಹೆಚ್ಚು ನಾಚಿಕೆಯಾಯಿತು.

ಬಾಗಿಲಲ್ಲಿ ಹೆಂಡತಿಯ ಅಣ್ಣ ನಿಂತಿದ್ದರು. ಏದುಸಿರು ಬಿಡುತ್ತ ಒಪ್ಪಿಗೆ ಪತ್ರವನ್ನು ಜೇಬಿನಿಂದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಸೋದರ ಸೊಸೆಯ ಕಡೆ ಚಾಚಿದರು. ಅಷ್ಟರಲ್ಲಿ ಅವರ ಕಣ್ಣು ಭೂತಗನ್ನಡಿಯ ಮೇಲೆ ಬಿತ್ತು.

“ಓ, ನೀವೂ ಇದ್ದೀರಾ. ಒಳ್ಳೇದಾಯ್ತು. ಇವರ ಮುಂದೇನೇ ಇನ್ನೊಂದ್ಸಲ ಹೇಳ್ಬಿಡಿ, ಆಮೇಲೆ ಯಾರೂ ನನ್ನ ದೂರಬಾರ್ದು.”

ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಮುಖವನ್ನು ಅವಳಿದ್ದ ಕಡೆ ಸರಿಯಾಗಿ ತಿರುಗಿಸಿದರು.

“ಹೇಳಿ ಮೇಡಂ,” ಎಂದರು. “ಆವತ್ತು ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ ತಾನೇ?”